ಊರಿನ ಹೊಗೆಯ ಲೆಕ್ಕ

ಜನವರಿ ೯, ಸೋಮವಾರ

ಮೂವತ್ತೇಳು ವರ್ಷದ ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ದಿನಚರಿ ಬರೆಯಲು ಕೂತಳೆಂದರೆ, ಒಂದೋ ಅವಳು ಪ್ರೀತಿಯಲ್ಲಿ ಬಿದ್ದಿರಬೇಕು, ಇಲ್ಲವೇ ಅವಳ ಮಾತಿಗೆ ಮರುಮಾತು ಕೊಡುವವರು ಇಲ್ಲದಿರಬೇಕು. ನನ್ನದು ಎರಡನೆಯ ಕಥೆ.

ಆಫೀಸಿನಿಂದ ಬಂದು ಚೀಲ ಇಳಿಸುವ ಮೊದಲೇ ಅಂದಿನದನ್ನೆಲ್ಲ ಅಮ್ಮನಿಗೆ ಒಪ್ಪಿಸುವುದು ನನ್ನ ಹಳೆಯ ಚಟ. ಅಮ್ಮ ಸುಮ್ಮನೆ ಕೇಳುವವಳಲ್ಲ. ನಡುವೆ ಬಾಯಿ ಹಾಕುತ್ತಿದ್ದಳು, ಕಂಡು ಕೇಳದವರನ್ನೆಲ್ಲ ನನ್ನ ಪರವಾಗಿ ಬೈಯುತ್ತಿದ್ದಳು, ಕೊನೆಗೆ ತಪ್ಪು ನನ್ನದೇ ಎಂದು ತೀರ್ಪು ಕೊಡುತ್ತಿದ್ದಳು. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಯಿತು. ಕಾಲಿಗೆ ಬಲ ಬಂತು, ಕೈಗೆ ಹಿಡಿತ ಬಂತು, ಮಾತು ಬರಲಿಲ್ಲ. ಈಗ ಅವಳ ಹತ್ತಿರ ಉಳಿದಿರುವುದು ಎರಡೇ ಪದ: ‘ಹಾಂ’ ಮತ್ತು ‘ಚಮಚ’. ನೀರು ಬೇಕೆಂದರೂ ಚಮಚ, ಫ್ಯಾನು ಬೇಡವೆಂದರೂ ಚಮಚ, ನಾನೂ ಚಮಚ. ಹೆತ್ತ ಮಗಳ ಹೆಸರು ನಾಲಿಗೆಯ ತುದಿಯವರೆಗೆ ಬಂದು ನಿಲ್ಲುವುದು ಕಣ್ಣಿಗೇ ಕಾಣುತ್ತದೆ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದದೆಯೇ ಐನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಪಿ.ಟಿ. ಟೀಚರ್ ಅವಳು. ಅವಳಿಗೇ ಹೀಗೆ.

ಅದಕ್ಕೇ ಈ ಬರವಣಿಗೆ. ಹೇಳದೆ ಉಳಿದ ಮಾತು ಹೊಟ್ಟೆಯಲ್ಲೇ ಹುಳಿಯುತ್ತದೆ.

ಇವತ್ತಿನ ಮಾತು ಹೇಳದಿದ್ದರೆ ಹೊಟ್ಟೆಯೇ ಒಡೆಯುತ್ತದೆ. ನಗರಪಾಲಿಕೆಯಲ್ಲಿ ನಾನು ಅಂಕಿಸಂಖ್ಯೆಯವಳು. ಹತ್ತು ವರ್ಷದಿಂದ ಚರಂಡಿ, ಬೀದಿದೀಪ, ನಲ್ಲಿ ಎಣಿಸಿದ್ದೇನೆ. ಇವತ್ತು ನಮ್ಮ ಸಾಹೇಬರು, ಪರಿಸರ ವಿಭಾಗದ ಮುಖ್ಯಸ್ಥರು, ಒಳಗೆ ಕರೆದು ಇಡೀ ಊರಿನ ಹೊಗೆ ಲೆಕ್ಕ ಹಾಕು ಎಂದರು. ಬರೀ ಕಾರ್ಖಾನೆಯದಲ್ಲ, ಬರೀ ಪಾಲಿಕೆಯದಲ್ಲ. ಊರಿನ ಪ್ರತಿ ಒಲೆ, ಪ್ರತಿ ಗಾಡಿ, ಪ್ರತಿ ಅಂಗಡಿ; ಬೇರೆಲ್ಲೋ ಕಲ್ಲಿದ್ದಲು ಸುಟ್ಟು ನಮಗೆ ಕಳಿಸುವ ಕರೆಂಟು; ಕೊಳೆಯುವ ಕಸ. ಭೂಮಿಯನ್ನು ಬಿಸಿ ಮಾಡುವ ಎಲ್ಲ ಅನಿಲವನ್ನೂ ಒಂದೇ ಅಳತೆಗೆ ಇಳಿಸಿ, ವರ್ಷಕ್ಕೆ ಇಷ್ಟು ಟನ್ ಎಂದು ಹೇಳಬೇಕು. ಹತ್ತು ವರ್ಷದ ಹಿಂದೆ ಮೇಯರ್ ಅಮ್ಮ ಮೊದಲ ಸಲ ಗೆದ್ದಾಗ ಊರಿಗೆ ಮಾತು ಕೊಟ್ಟಿದ್ದರಂತೆ: ಹತ್ತು ವರ್ಷದಲ್ಲಿ ಇದನ್ನು ಶೇಕಡಾ ಇಪ್ಪತ್ತು ಇಳಿಸುತ್ತೇವೆ ಎಂದು. ಈಗ ಆ ಅವಧಿ ಮುಗಿದಿದೆ.

“ಇಳಿದಿದೆಯಾ ಸರ್?” ಎಂದೆ.

“ಅದನ್ನ ಹೇಳಬೇಕಾದವಳು ನೀನಮ್ಮ” ಎಂದರು ಸಾಹೇಬರು. “ಏಪ್ರಿಲ್ ಸಭೆಗೆ ಬೇಕು.”

ಇಡೀ ಊರನ್ನು ತಕ್ಕಡಿಗೆ ಹಾಕುವ ಕೆಲಸ! ಮನೆಯವರೆಗೆ ಹಾರಿಕೊಂಡೇ ಬಂದೆ. ಬಾಗಿಲು ತೆಗೆದು “ಅಮ್ಮಾ!” ಎಂದೆ. “ಚಮಚ” ಎಂದಳು ಅಮ್ಮ. ಮುಂದಕ್ಕೆ ಹೇಳಲು ಮನಸ್ಸಾಗಲಿಲ್ಲ.


ಜನವರಿ ೧೩, ಶುಕ್ರವಾರ

ನನ್ನ ಜೊತೆಗೆ ಒಬ್ಬನನ್ನು ಕೊಟ್ಟಿದ್ದಾರೆ, ನಕ್ಷೆ ಮಾಡುವವನು. ಎಲ್ಲರೂ ಕರೆಯುವುದೇ ‘ನಕ್ಷೆ’ ಎಂದು. ಗೋಡೆಗೆ ಊರಿನ ಪಟ ಅಂಟಿಸಿ, “ಮೇಡಂ, ಎಲ್ಲಿಂದ ಶುರು ಮಾಡೋಣ, ಕಾಲಿಂದನಾ ತಲೆಯಿಂದನಾ?” ಎಂದ. ಹೊಟ್ಟೆಯಿಂದ ಎಂದೆ. ಅಡುಗೆ ಅನಿಲದ ಅಂಕಿ ಮೊದಲು ಬಂತು.

ಸಂಜೆ ಅಮ್ಮನಿಗೆ ಮಾತು ಕಲಿಸುವ ಟೀಚರ್ ಬಂದಿದ್ದರು. ನಾನು ಅಮ್ಮನ ಹತ್ತಿರ “ಇದೇನು? ಲೋ-ಟ” ಎನ್ನುತ್ತಿದ್ದೆ. ಟೀಚರ್ ತಡೆದರು. “ಮಗು ಹತ್ರ ಮಾತಾಡೋ ಹಾಗೆ ಮಾತಾಡಬೇಡಿ. ಅವರಿಗೆ ಎಲ್ಲ ಅರ್ಥವಾಗುತ್ತೆ. ಮೊದಲು ಏನು ಹೇಳ್ತಿದ್ರೋ ಅದನ್ನೇ ಹೇಳಿ. ಅವರು ತಡವರಿಸಿದ್ರೆ ಕಾಯಿರಿ. ನೀವೇ ಪದ ಎತ್ತಿ ಕೊಡಬೇಡಿ.”

ಏನು ಹೇಳಲಿ, ಟನ್ನುಗಳ ಕಥೆಯೇ? ಪಾಪ, ನಿದ್ದೆಯಾದರೂ ಬರುತ್ತದೆ ಅವಳಿಗೆ.


ಜನವರಿ ೨೪, ಮಂಗಳವಾರ

ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೆ ಈ ಊರು ಗೊತ್ತೇ ಇರಲಿಲ್ಲ. ಹತ್ತೊಂಬತ್ತು ಸಾವಿರ ನೀರಿನ ಹೀಟರು! ಕರೆಂಟಿನ ಕಂಪನಿ ಕೊಟ್ಟ ಅಂಕಿಯಲ್ಲಿ ಬೇಸಿಗೆಯ ಮಧ್ಯಾಹ್ನಗಳು ಗುಡ್ಡದಂತೆ ಎದ್ದು ನಿಂತಿವೆ: ಎಸಿಗಳು. ಭಾನುವಾರ ಬೆಳಗ್ಗೆ ಇಡೀ ಊರು ಒಂದು ಗಂಟೆ ತಡವಾಗಿ ಎದ್ದು ಒಲೆ ಹಚ್ಚುವುದೂ ಕಾಣುತ್ತದೆ. ಯಾರೋ ಮಲಗಿದವರ ಉಸಿರಾಟವನ್ನು ಕದ್ದು ನೋಡಿದ ಹಾಗೆ ಅನ್ನಿಸಿತು.

ಟೀಚರ್ ಹೇಳಿದರಲ್ಲ ಎಂದು ಅಮ್ಮನ ಎದುರು ಕೂತು ಇದನ್ನೆಲ್ಲ ಹೇಳಿದೆ. ರಸ್ತೆಯ ಲೆಕ್ಕಕ್ಕೆ ಬಂದೆ. ಊರಿನ ವಾಹನಗಳಲ್ಲಿ ಅತಿ ಹೆಚ್ಚು ಹೊಗೆ ಯಾವುದರದು ಹೇಳು ನೋಡೋಣ ಎಂದೆ, ಸುಮ್ಮನೆ, ಉತ್ತರ ಬರಲಿ ಎಂದಲ್ಲ. ಅಮ್ಮ ಬಹಳ ಹೊತ್ತು ನನ್ನ ಬಾಯಿಯನ್ನೇ ನೋಡಿದಳು. “ಬ... ಬಸ್ಸು” ಎಂದಳು.

“ಅಲ್ಲಮ್ಮ, ಕಾರು! ಬಸ್ಸಿನದು ತುಂಬಾ ಕಡಿಮೆ” ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲರೂ ಇದೇ ತಪ್ಪು ಮಾಡುತ್ತಾರೆ. ಕಪ್ಪು ಹೊಗೆ ಕಂಡರೆ ಅದೇ ಜಾಸ್ತಿ ಅಂದುಕೊಳ್ಳುತ್ತಾರೆ.


ಫೆಬ್ರವರಿ ೬, ಸೋಮವಾರ

ಇಪ್ಪತ್ತು!!

ಅಕ್ಷರ ಸೊಟ್ಟಗಾಗುತ್ತಿದೆ, ಇರಲಿ. ಮಧ್ಯಾಹ್ನ ಕೊನೆಯ ಅಂಕಿ ಹಾಕಿ ಕೂಡಿದೆವು. ಮೊದಲ ವರ್ಷ, ಹತ್ತು ವರ್ಷದ ಹಿಂದೆ ಹೊರಗಿನ ಸಂಸ್ಥೆಯೊಂದು ಮಾಡಿಕೊಟ್ಟ ಲೆಕ್ಕ: ಇಪ್ಪತ್ತನಾಲ್ಕು ಲಕ್ಷ ಟನ್. ಈಗಿನದು, ನಮ್ಮ ಲೆಕ್ಕ: ಹತ್ತೊಂಬತ್ತು ಲಕ್ಷದ ಇಪ್ಪತ್ತು ಸಾವಿರ. ನಕ್ಷೆ ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದ. ಶೇಕಡಾ ಇಪ್ಪತ್ತು. ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. “ಮೇಡಂ, ಬರೆಸಿಟ್ಟ ಹಾಗಿದೆ!” ಎಂದು ಕುರ್ಚಿಯ ಮೇಲೆ ಹತ್ತಿ ನಿಂತ. ಸಾಹೇಬರು ಓಡಿ ಬಂದರು. ಯಾರನ್ನೋ ಕಳಿಸಿ ಕೇಕು ತರಿಸಿದರು. ಫೋನಿನಲ್ಲಿ ಮೇಯರ್ ಅಮ್ಮನ ಧ್ವನಿ ನನಗೂ ಕೇಳಿಸಿತು: “ನಾನು ಹೇಳಿರಲಿಲ್ವಾ! ನಾನು ಹೇಳಿರಲಿಲ್ವಾ!”

ಮನೆಗೆ ಬಂದು ಅಮ್ಮನನ್ನು ಎಬ್ಬಿಸಿ ಕೂರಿಸಿ ಹೇಳಿದೆ. ಮೇಯರ್ ಎಂಬ ಪದ ಕೇಳಿದ್ದೇ ತಡ, ಅಮ್ಮ ಕೈ ಎತ್ತಿ ಗಾಳಿಯಲ್ಲಿ ವೃತ್ತ ಬರೆದಳು. “ಅವಳು... ಸುತ್ತು... ಕಳ್ಳಿ” ಎಂದಳು. ನನಗೆ ತಕ್ಷಣ ಹೊಳೆಯಿತು. ಮೇಯರ್ ಅಮ್ಮ ಹುಡುಗಿಯಾಗಿದ್ದಾಗ ಅಮ್ಮನ ಶಾಲೆಯಲ್ಲೇ ಓದಿದ್ದು. ಮೈದಾನ ಮೂರು ಸುತ್ತು ಓಡಿ ನಾಲ್ಕು ಎನ್ನುತ್ತಿದ್ದಳಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿಲ್ಲ! ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಮ್ಮನೂ ನಕ್ಕಳು. ಇಂಥ ದಿನ ಮತ್ತೆ ಬರುವುದಿಲ್ಲ. ಇಪ್ಪತ್ತು!


ಫೆಬ್ರವರಿ ೯, ಗುರುವಾರ

ಏನೋ ಸರಿಯಿಲ್ಲ.

ನಕ್ಷೆ ಕೇಕಿನ ಡಬ್ಬಿ ಬಿಸಾಡಲು ಹೋಗುತ್ತಾ, “ಮೇಡಂ, ನಮ್ಮ ಊರಲ್ಲಿ ಕಾರು ಜಾಸ್ತಿ ಆಗಿದೆ, ಗಾಡಿಗಳ ಹೊಗೆ ಹೇಗೆ ಅರ್ಧ ಆಯ್ತು?” ಎಂದ. ಹೊಸ ಗಾಡಿ ಕಡಿಮೆ ಕುಡಿಯುತ್ತದೆ ಎಂದೆ. ಆದರೆ ಅರ್ಧ?

ಮೂರು ದಿನದಿಂದ ಕುಣಿಯುತ್ತಿದ್ದ ಎದೆ ಈಗ ಬೇರೆ ಥರ ಕುಣಿಯುತ್ತಿದೆ. ಭಯವೂ ಖುಷಿಯೂ ಒಂದೇ ಮನೆಯ ಮಕ್ಕಳೇ ಇರಬೇಕು. ಹಳೆಯ ವರದಿಯ ಹಿಂಭಾಗದ ಪುಟಗಳನ್ನು ಓದಲು ಮನೆಗೆ ತಂದಿದ್ದೇನೆ. ಊಟಕ್ಕೆ ಕೂತಾಗ ಸುಮ್ಮನಿದ್ದೆ. “ಯಾಕೆ?” ಎಂದಳು ಅಮ್ಮ. ಏನಿಲ್ಲ ಎಂದೆ. “ಯಾಕೆ?” ಎಂದಳು ಮತ್ತೆ. ಒಂದೇ ಪದ ಹಿಡಿದುಕೊಂಡರೆ ಬಿಡುವುದಿಲ್ಲ, ಅದೊಂದು ಕಷ್ಟ.


ಫೆಬ್ರವರಿ ೨೦, ಸೋಮವಾರ

ಸಿಕ್ಕಿತು. ಪೆಟ್ರೋಲ್ ಬಂಕು!

ಹತ್ತು ವರ್ಷದ ಹಿಂದೆ ಅವರು ಊರಿನ ಬಂಕುಗಳಲ್ಲಿ ಮಾರಿದ ಅಷ್ಟೂ ಡೀಸೆಲ್, ಪೆಟ್ರೋಲನ್ನು ಊರಿನ ಲೆಕ್ಕಕ್ಕೆ ಹಾಕಿದ್ದಾರೆ. ಹೆದ್ದಾರಿಯ ಲಾರಿಗಳು ಇಲ್ಲಿ ಟ್ಯಾಂಕು ತುಂಬಿಸಿ ಮುನ್ನೂರು ಮೈಲಿ ಆಚೆ ಸುಟ್ಟಿದ್ದೂ ನಮ್ಮ ತಲೆಗೇ ಬಿದ್ದಿದೆ. ನಾವು ಈಗ ಹಾಕಿದ್ದು ಊರಿನ ರಸ್ತೆಗಳ ಮೇಲೆ ನಿಜವಾಗಿ ಓಡಿದ ಗಾಡಿಗಳ ಲೆಕ್ಕ. ಆಗ ಒಂದು ತಕ್ಕಡಿ, ಈಗ ಇನ್ನೊಂದು ತಕ್ಕಡಿ. ಮಗುವನ್ನು ಕಳೆದ ವರ್ಷ ಬೂಟು ಹಾಕಿ ತೂಗಿ, ಈ ವರ್ಷ ಬರಿಗಾಲಲ್ಲಿ ತೂಗಿ, ಅಯ್ಯೋ ಸೊರಗಿತು ಎಂದಂತೆ!

ಹಳೆಯ ವರ್ಷವನ್ನೂ ನಮ್ಮ ತಕ್ಕಡಿಯಲ್ಲೇ ತೂಗಿದೆವು. ಹಳೆಯ ಸಂಚಾರದ ಎಣಿಕೆ ಪೊಲೀಸರ ಹತ್ತಿರ ಇತ್ತು, ನಕ್ಷೆ ಒಂದು ವಾರ ಬೆನ್ನು ಹತ್ತಿ ತಂದ. ಮೊದಲ ವರ್ಷದ್ದು ಇಪ್ಪತ್ತನಾಲ್ಕು ಲಕ್ಷ ಅಲ್ಲ, ಇಪ್ಪತ್ತೊಂದು ಲಕ್ಷದ ನಲವತ್ತು ಸಾವಿರ. ಇಳಿಕೆ ಇಪ್ಪತ್ತಲ್ಲ, ಹತ್ತು.

ಬೇಸರವಾಗಬೇಕಿತ್ತು. ಆಗಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹುಚ್ಚರ ಹಾಗೆ ನಕ್ಕೆವು. ಸುಳ್ಳು ಇಪ್ಪತ್ತಕ್ಕಿಂತ ಈ ಹತ್ತು ಎಷ್ಟು ಗಟ್ಟಿಯಾಗಿದೆ! ತಟ್ಟಿದರೆ ಟಣ್ ಅನ್ನುತ್ತದೆ.

ಹೇಳುವ ಭರದಲ್ಲಿ ಚಹಾ ಆರಿಸಿಬಿಟ್ಟೆ. “ಬಿಸಿ ಇಲ್ಲ” ಎಂದು ಅಮ್ಮ ಲೋಟ ತಳ್ಳಿದಳು. ಇನ್ನೊಮ್ಮೆ ಕಾಯಿಸಿದೆ.


ಮಾರ್ಚ್ ೨, ಗುರುವಾರ

ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಕೇಕ್ ತಿಂದಾಯ್ತಲ್ಲಮ್ಮ!”

“ಗೊತ್ತು ಸರ್.”

“ಮೇಯರ್ ಊರೆಲ್ಲ ಹೇಳ್ಕೊಂಡು ಬಂದಿದಾರೆ.”

“ಗೊತ್ತು ಸರ್.”

ಬೈಯುತ್ತಾರೆ ಅಂದುಕೊಂಡೆ. ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, “ಒಂದು ಕಡೆ ತಪ್ಪಿದ್ರೆ ಇನ್ನೊಂದು ಕಡೆನೂ ಇರುತ್ತೆ. ಎಲ್ಲ ಜಾಲಾಡಿ. ನಮಗೆ ಅನುಕೂಲವಾದ ತಪ್ಪು, ಅನನುಕೂಲವಾದ ತಪ್ಪು, ಎರಡೂ ತನ್ನಿ. ಆಮೇಲೆ ಹೋಗಿ ಒಟ್ಟಿಗೇ ಏಟು ತಿನ್ನೋಣ” ಎಂದರು. ಈ ಮನುಷ್ಯನ ಕೈಕೆಳಗೆ ಇಷ್ಟು ವರ್ಷ ಇದ್ದೂ ಅವರನ್ನು ಬರೀ ಸಹಿ ಹಾಕುವವರು ಅಂದುಕೊಂಡಿದ್ದೆ.

ಉಳಿದಿರುವ ದೊಡ್ಡ ಅನುಮಾನ ಕಸದ ಗುಡ್ಡ. ಊರಿನ ಪೂರ್ವಕ್ಕೆ ನಲವತ್ತು ವರ್ಷದ ಕಸ ಸುರಿದು ಆದ ಗುಡ್ಡ. ಆರು ವರ್ಷದ ಹಿಂದೆ ಅದಕ್ಕೆ ಮಣ್ಣು ಮುಚ್ಚಿ, ಹುಲ್ಲು ಹಾಸಿ, ಪಾರ್ಕು ಮಾಡಿದರು. ಒಳಗೆ ಕೊಳೆಯುವ ಕಸದಿಂದ ಮೀಥೇನ್ ಹುಟ್ಟುತ್ತದೆ, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಇಪ್ಪತ್ತೆಂಟು ಪಟ್ಟು ಕೆಟ್ಟದ್ದು. ಅದನ್ನು ಕೊಳವೆಗಳಿಂದ ಎಳೆದು ಸುಡುವ ಪಂಪು ಇದೆ. ಹಾಗಾಗಿ ಲೆಕ್ಕದಲ್ಲಿ ಗುಡ್ಡದ್ದು ಮೂವತ್ತೇ ಸಾವಿರ ಟನ್. ಆದರೆ ಅದು ಸೂತ್ರದಿಂದ ಬಂದ ಅಂಕಿ. ಗುಡ್ಡವನ್ನು ಯಾರೂ ಕೇಳಿಲ್ಲ.


ಮಾರ್ಚ್ ೯, ಗುರುವಾರ

ಇವತ್ತು ಗುಡ್ಡವನ್ನು ಕೇಳಿ ಬಂದೆವು!

ವಿಶ್ವವಿದ್ಯಾಲಯದಲ್ಲಿ ಗಾಳಿಯ ಬಗ್ಗೆ ಓದಿದ ಪ್ರೊಫೆಸರ್ ಒಬ್ಬರಿದ್ದಾರೆ. ಅರವತ್ತರ ಹತ್ತಿರದ ಹೆಂಗಸು, ಗಂಡುದನಿ, ಜೇಬು ತುಂಬ ಪೆಪ್ಪರ್‌ಮಿಂಟು. ನಕ್ಷೆ ಆಗಲೇ ‘ಗಾಳಿ ಮೇಡಂ’ ಎಂದು ಹೆಸರಿಟ್ಟಿದ್ದಾನೆ. ಅವರ ವ್ಯಾನಿನ ನೆತ್ತಿಯ ಮೇಲೆ ಒಂದು ಕೊಳವೆ, ಒಳಗೆ ಸೂಟ್‌ಕೇಸಿನಷ್ಟು ದೊಡ್ಡ ಯಂತ್ರ. ಹೋಗುವ ದಾರಿಯ ಗಾಳಿಯನ್ನು ಮೂಸಿ ಮೀಥೇನ್ ಎಷ್ಟಿದೆ ಎಂದು ಪರದೆಯ ಮೇಲೆ ಗೆರೆ ಬರೆಯುತ್ತಾ ಹೋಗುತ್ತದೆ.

“ಗಾಳಿ ಯಾವ ಕಡೆಯಿಂದ ಬೀಸ್ತಿದೆಯೋ ಅದರ ಎದುರು ಕಡೆ ಹೋಗಿ ಕಾಯಬೇಕಮ್ಮ” ಎಂದರು. “ಅಡುಗೆಮನೇಲಿ ಏನು ಸೀದಿದೆ ಅಂತ ಪಡಸಾಲೇಲಿ ಕೂತೇ ಹೇಳಲ್ವಾ, ಹಾಗೆ.”

ಊರೊಳಗೆ ಗೆರೆ ಸಪಾಟಾಗಿ ಮಲಗಿತ್ತು. ಪೂರ್ವದ ರಸ್ತೆಗೆ ಹೊರಳಿದೆವು. ಪಾರ್ಕಿನ ಬೇಲಿ ಕಾಣಿಸಿತು; ಹುಲ್ಲಿನ ಮೇಲೆ ಮಕ್ಕಳು ಚೆಂಡು ಒದೆಯುತ್ತಿದ್ದರು. ಗೆರೆ ಒಮ್ಮೆ ಮಿಸುಕಿತು. ಆಮೇಲೆ ಎದ್ದಿತು. ಎದ್ದಿತು ಎಂದರೆ ಎಂಥದ್ದು! ಪರದೆಯ ಮೇಲಂಚಿಗೆ ಹೋಗಿ ಮುಟ್ಟಿ ಆಚೆ ಹೊರಟುಹೋಯಿತು. ನಕ್ಷೆ “ಮೇಡಂ ಮೇಡಂ ಮೇಡಂ” ಎನ್ನುತ್ತಿದ್ದ, ಯಾವ ಮೇಡಂ ಎಂದು ಅವನಿಗೇ ಗೊತ್ತಿರಲಿಲ್ಲ. ಗಾಳಿ ಮೇಡಂ ಪೆಪ್ಪರ್‌ಮಿಂಟು ನುಂಗಿಬಿಟ್ಟರು. “ತಿರುಗಿಸಪ್ಪಾ ಗಾಡೀನ! ಇನ್ನೊಂದ್ಸಲ!” ಮತ್ತೆ ಅಲ್ಲೇ ಎದ್ದಿತು. ಸಂಜೆಯವರೆಗೆ ಗುಡ್ಡ ಸುತ್ತಿದೆವು. ಪ್ರತಿ ಸಲ ಅದೇ ಜಾಗ, ಅದೇ ಜಿಗಿತ.

ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಹಸಿರು ಹುಲ್ಲು, ಮಕ್ಕಳ ಕೇಕೆ. ಅದರ ಅಡಿಯಿಂದ ಇಷ್ಟೊಂದು ಹೊರಗೆ ಬರುತ್ತಿದೆ. ನನ್ನ ರೋಮ ಇನ್ನೂ ನಿಂತೇ ಇದೆ. ಗಾಳಿಯ ವೇಗ, ದೂರ, ಎತ್ತರ ಎಲ್ಲ ಹಾಕಿ ಲೆಕ್ಕ ಮಾಡಲು ಒಂದು ವಾರ ಬೇಕಂತೆ. ಒಂದು ವಾರ ಹೇಗೆ ಕಳೆಯಲಿ? ಕೋಣೆಯೊಳಗೆ ಅತ್ತಿಂದಿತ್ತ ತಿರುಗುತ್ತಾ ಇದನ್ನು ಯೋಚಿಸುತ್ತಿದ್ದೆ, ಅಮ್ಮ ಹಾಸಿಗೆಯಿಂದ “ಪುಟ್ಟೀ, ಕಿಟಕಿ” ಎಂದಳು. ಮುಚ್ಚಿದೆ. ಗಾಳಿ ಮೇಡಂ ಹೇಳಿದ ಪ್ರಕಾರ ಗಾಳಿ ಒಂದೇ ಸಮನೆ ಬೀಸುವ ದಿನ ಇನ್ನೆರಡು ಸಲ ಅಳೆಯಬೇಕು. ಮಂಗಳವಾರ ಸರಿಹೋಗಬಹುದು.


ಮಾರ್ಚ್ ೧೭, ಶುಕ್ರವಾರ

ಮೂವತ್ತು ಸಾವಿರ ಅಲ್ಲ. ಒಂದು ಲಕ್ಷ. ಹತ್ತಿಪ್ಪತ್ತು ಸಾವಿರ ಆಚೀಚೆ ಆಗಬಹುದು, ಆದರೆ ಮೂವತ್ತಂತೂ ಖಂಡಿತ ಅಲ್ಲ.

ನಕ್ಷೆ, ನಾನು, ಸಾಹೇಬರು ಮೂವರೂ ಪಾರ್ಕಿನ ಹಿಂದಿನ ಪಂಪಿನ ಕೋಣೆಗೆ ಹೋದೆವು. ಬೀಗಕ್ಕೆ ತುಕ್ಕು. ಬೀಗ ಒಡೆಸಿ ಒಳಗೆ ಹೋದರೆ ಎಂಥ ನಿಶ್ಶಬ್ದ! ಪಂಪಿನ ಮೋಟಾರು ಸುಟ್ಟು ಮೂರು ವರ್ಷವಾಗಿದೆ. ಮೇಲೆ ಹಕ್ಕಿ ಗೂಡು ಕಟ್ಟಿದೆ. ಪಾರ್ಕಿನವರು ಇದು ಕಸ ವಿಭಾಗದ್ದು ಎಂದುಕೊಂಡರು, ಕಸದವರು ಗುಡ್ಡ ಮುಚ್ಚಿದ ಮೇಲೆ ಇದು ಪಾರ್ಕಿನವರದು ಎಂದುಕೊಂಡರು. ಇಬ್ಬರ ನಡುವೆ ಕೂಸು ಬಡವಾಯಿತು. ಸಾಹೇಬರು ಮೋಟಾರಿನ ಮೇಲೆ ಕೈಯಿಟ್ಟರು. “ನಾನು ಈ ಪಾರ್ಕಲ್ಲೇ ದಿನಾ ವಾಕಿಂಗ್ ಮಾಡೋದಮ್ಮ” ಎಂದರು.

ಹೊಸ ಇಳಿಕೆ: ಏಳು. ಇಪ್ಪತ್ತು, ಹತ್ತು, ಏಳು. ಇದರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಏಳೇ. ಯಾಕೆಂದರೆ ಏಳರ ಜೊತೆ ಒಂದು ಪಂಪು ಇದೆ. ಪಂಪು ರಿಪೇರಿ ಆದರೆ ಇಳಿಕೆ ಮತ್ತೆ ಹತ್ತರ ಹತ್ತಿರ ಹೋಗುತ್ತದೆ, ಈ ಸಲ ನಿಜವಾಗಿ, ಗಾಳಿಯಲ್ಲೇ!

ಮಾತು ಕಲಿಸುವ ಟೀಚರ್ ರಜೆಯಲ್ಲಿದ್ದರು, ಸಂಜೆ ಫೋನ್ ಮಾಡಿದರು. ಅಮ್ಮನಲ್ಲಿ ಏನಾದರೂ ಬದಲಾವಣೆ ಉಂಟೇ ಎಂದು ಕೇಳಿದರು. “ಅಂಥದ್ದೇನಿಲ್ಲ ಟೀಚರ್, ಹಾಗೇ ಇದಾರೆ” ಎಂದೆ. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ, “ಯಾರು ಫೋನು? ಊಟ ಮಾಡು ಮೊದಲು” ಎಂದಳು. ಬಂದೆ ಇರಮ್ಮ ಎಂದೆ. ಟೀಚರ್ ಆ ಕಡೆ ಇದ್ದಕ್ಕಿದ್ದಂತೆ ನಗತೊಡಗಿದರು. ರಜೆಯಲ್ಲಿ ಇರುವವರಿಗೆ ಎಲ್ಲವೂ ತಮಾಷೆ.


ಮಾರ್ಚ್ ೨೮, ಮಂಗಳವಾರ

ಮೇಯರ್ ಅಮ್ಮನ ಕೋಣೆ. ನಾನು, ಸಾಹೇಬರು. ಅವರು ನನ್ನ ಮಾತನ್ನು ಕೊನೆಯವರೆಗೆ ಕೇಳಿದರು, ಅದಕ್ಕೆ ಮೆಚ್ಚಬೇಕು. ಆಮೇಲೆ ಹೇಳಿದರು:

“ಹತ್ತು ವರ್ಷದಿಂದ ಇಪ್ಪತ್ತು ಇಪ್ಪತ್ತು ಅಂತ ಹೇಳ್ಕೊಂಡು ಬಂದಿದೀನಿ. ಈಗ ಏಳು ಅಂದ್ರೆ ಜನ ಮುಖ ನೋಡಿ ನಗ್ತಾರೆ.”

“ಏಳು ನಿಜ ಮೇಡಂ.”

“ಹಳೇ ಲೆಕ್ಕವೂ ನಿಜಾನೇ. ದೊಡ್ಡ ಸಂಸ್ಥೆ ಮಾಡಿಕೊಟ್ಟಿದ್ದು. ಸಭೇಲಿ ಸಾಹೇಬರು ಇಪ್ಪತ್ತು ಅಂತ ಓದಲಿ. ನಿನ್ನ ಏಳನ್ನ ಮುಂದಿನ ವರ್ಷ ನೋಡೋಣ. ನೀನು ಬರೋದು ಬೇಡ, ಸುಮ್ನೆ ಗೊಂದಲ.”

ಸಾಹೇಬರು ಕಾಗದ ಮಡಚಿಕೊಂಡು ಎದ್ದರು. ಕೆಳಗೆ ಬಂದ ಮೇಲೆ, “ನೀನು ಬಾ. ಹಿಂದಿನ ಸಾಲಲ್ಲಿ ಕೂತ್ಕೋ” ಎಂದು ಕಾರು ಹತ್ತಿ ಹೋದರು.

ಸಿಟ್ಟಿನಲ್ಲಿ ಮನೆಯವರೆಗೂ ನಡೆದೇ ಬಂದೆ. ಅಮ್ಮನ ಎದುರು ಮೇಯರ್ ಆಡಿದ ಮಾತನ್ನೆಲ್ಲ ಆಡಿ ತೋರಿಸುತ್ತಿದ್ದೆ, ಕಥೆ ಅರ್ಧಕ್ಕೆ ಬಂದಿರಲಿಲ್ಲ, ಅಮ್ಮ ಬಾಯಿ ಹಾಕಿದಳು: “ನೀನು ಏನಂದೆ?” ನಾನು ಏಳು ನಿಜ ಅಂದೆ ಅಂದೆ. “ಆಮೇಲೆ?” ಆಮೇಲೆ ಏನೂ ಇಲ್ಲ, ಬಂದೆ. “ಬಂದೆಯಾ! ತಪ್ಪು... ನಿಂದೇ” ಎಂದಳು. ಒಂದು ಕಥೆಯನ್ನು ಪೂರ್ತಿ ಹೇಳಲು ಬಿಡುವುದಿಲ್ಲ ಈ ಮನೆಯಲ್ಲಿ.


ಏಪ್ರಿಲ್ ೩, ಸೋಮವಾರ

ನಾಳೆ ಸಭೆ. ಮಾತಾಡುತ್ತೇನೋ ಇಲ್ಲವೋ ಗೊತ್ತಿಲ್ಲ. ಆದರೂ ಹೇಳಬೇಕಾದದ್ದನ್ನು ಸಿದ್ಧ ಮಾಡಿಕೊಂಡೆ. ಸಂಜೆ ಅಮ್ಮನನ್ನು ಕೂರಿಸಿ ಅವಳ ಎದುರು ಓದಿದೆ.

“ಕೇಳಿಸ್ತಿಲ್ಲ” ಎಂದಳು.

ಜೋರಾಗಿ ಓದಿದೆ.

“ಹಿಂದಿನ ಸಾಲಿಗೆ... ಕೇಳಬೇಕು. ಹೊಟ್ಟೆಯಿಂದ. ಕಾಲು... ಅಗಲ ಇಟ್ಟು ನಿಲ್ಲು.”

ನಾಲ್ಕು ಸಲ ಓದಿಸಿದಳು. ಗಂಟಲು ಕೆರೆಯುತ್ತಿದೆ. ಈ ಹೆಂಗಸಿನ ಕೈಯಲ್ಲಿ ಪಿ.ಟಿ. ಮಾಡಿದ ಮಕ್ಕಳ ಪಾಡು ಈಗ ಗೊತ್ತಾಯಿತು.


ಏಪ್ರಿಲ್ ೪, ಮಂಗಳವಾರ

ಹೇಳಿದೆ!

ಕ್ರಮವಾಗಿ ಬರೆಯುತ್ತೇನೆ, ಇಲ್ಲದಿದ್ದರೆ ಕಲಸಿಹೋಗುತ್ತದೆ. ಸಭಾಂಗಣ ತುಂಬಿತ್ತು. ಬಾಲ್ಕನಿಯಲ್ಲಿ ಶಾಲೆಯ ಮಕ್ಕಳು, ಪತ್ರಿಕೆಯವರು. ನಾನು ಕಂಬದ ಪಕ್ಕ ಕೊನೆಯ ಸಾಲು, ನಕ್ಷೆ ನನ್ನ ಪಕ್ಕ ಉಗುರು ಕಚ್ಚುತ್ತಾ. ಮೇಯರ್ ಅಮ್ಮ ಎದ್ದು, ನಮ್ಮ ಊರಿನ ಹೆಮ್ಮೆಯ ದಿನ ಎಂದರು. ಸಾಹೇಬರನ್ನು ಕರೆದರು. ಸಾಹೇಬರು ಮೈಕಿನ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಕಾಗದ ನೋಡಿ, ಕನ್ನಡಕ ತೆಗೆದರು.

“ಈ ಲೆಕ್ಕ ಮಾಡಿದ್ದು ನಾನಲ್ಲ” ಎಂದರು. “ಮಾಡಿದವರು ಹಿಂದೆ ಕೂತಿದಾರೆ. ಅವರೇ ಹೇಳಲಿ.”

ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ನಕ್ಷೆ ಮೊಣಕೈಯಿಂದ ತಿವಿದ. ಮೈಕಿನವರೆಗೆ ಹೋಗುವ ದಾರಿ ಮುಗಿಯುವುದೇ ಇಲ್ಲ ಅನ್ನಿಸಿತು. ಮೇಯರ್ ಅಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. ಕಾಲು ಅಗಲ ಇಟ್ಟು ನಿಂತೆ.

“ನಮ್ಮ ಊರಿನ ಹೊಗೆ ಹತ್ತು ವರ್ಷದಲ್ಲಿ ಇಳಿದಿರೋದು ಶೇಕಡಾ ಇಪ್ಪತ್ತಲ್ಲ. ಏಳು” ಎಂದೆ.

ಬಾಲ್ಕನಿಯವರೆಗೆ ಕೇಳಿಸಿತು. ಗುಜುಗುಜು ಎದ್ದಿತು. ಯಾರೋ ನಕ್ಕರು. ಲಾರಿ, ಡೀಸೆಲ್, ಎರಡು ತಕ್ಕಡಿಯ ಕಥೆ ಹೇಳಿದೆ. ಆಮೇಲೆ ಗುಡ್ಡ, ವ್ಯಾನು, ಗೆರೆ, ಹಕ್ಕಿಗೂಡಿನ ಪಂಪು. ಗುಜುಗುಜು ನಿಂತಿತು. ಒಬ್ಬ ಸದಸ್ಯರು ಎದ್ದು, “ಅಂದ್ರೆ ಹತ್ತು ವರ್ಷ ಮಣ್ಣು ಹೊತ್ತಿದ್ದೆಲ್ಲ ವ್ಯರ್ಥನಾ?” ಎಂದು ಕೂಗಿದರು.

“ಇಲ್ಲ ಸರ್” ಎಂದೆ. ಇದನ್ನು ಬರೆದುಕೊಂಡು ಹೋಗಿರಲಿಲ್ಲ, ಬಾಯಿಗೆ ಬಂತು. “ಊರಲ್ಲಿ ಅಷ್ಟೊಂದು ಜನ ಹೆಚ್ಚಾಗಿದಾರೆ, ಮನೆ ಹೆಚ್ಚಾಗಿದೆ, ಆದರೂ ಏಳು ಇಳಿದಿದೆ. ಅದು ನೀವು ಇಳಿಸಿದ್ದು. ನಿಮ್ಮ ಬಲ್ಬು, ನಿಮ್ಮ ಬಸ್ಸು, ನೀವು ಬೇರೆ ಮಾಡಿ ಕೊಟ್ಟ ಕಸ. ಇಪ್ಪತ್ತು ಯಾರದೂ ಅಲ್ಲ, ಅದು ಕಾಗದದ್ದು. ಏಳು ನಿಮ್ಮದು. ಪಂಪು ಓಡಿಸಿದ್ರೆ ಹತ್ತು ಕೂಡ ನಿಮ್ಮದೇ.”

ಮೇಯರ್ ಅಮ್ಮ ಎದ್ದು ನಿಂತರು. ಆಯಿತು, ನನ್ನ ಕೆಲಸ ಹೋಯಿತು ಅಂದುಕೊಂಡೆ. ಅವರು ನನ್ನನ್ನು ದಿಟ್ಟಿಸಿ ನೋಡಿದರು, ಆಮೇಲೆ ಸಭೆಯನ್ನು, ಆಮೇಲೆ ಪತ್ರಿಕೆಯವರನ್ನು. ಆ ತಲೆಯೊಳಗೆ ಲೆಕ್ಕ ಓಡುವುದು ನನಗೆ ಕಾಣಿಸುತ್ತಿತ್ತು. ಲೆಕ್ಕದವಳಿಗೆ ಲೆಕ್ಕದವಳ ಗುರುತು ಸಿಗುತ್ತದೆ.

“ಪಂಪು ರಿಪೇರಿ ಮಾಡೋಕೆ ಎಷ್ಟು ದಿನ ಬೇಕು?” ಎಂದರು.

“ಒಂದು ತಿಂಗಳು” ಎಂದರು ಸಾಹೇಬರು ಪಕ್ಕದಿಂದ.

“ಮಾಡಿ. ಆಮೇಲೆ ಆ ವ್ಯಾನು ಮತ್ತೆ ಹೋಗಲಿ. ನಾನೂ ಬರ್ತೀನಿ. ಇನ್ನು ಮೇಲೆ ವರ್ಷಾ ವರ್ಷಾ ಇದೇ ತಕ್ಕಡೀಲಿ ತೂಗಿ” ಎಂದರು. ಚಪ್ಪಾಳೆ ಬಿತ್ತು. ಅದು ಅವರಿಗೋ ನನಗೋ ತಿಳಿಯಲಿಲ್ಲ. ಯಾರಿಗಾದರೂ ಸರಿ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, “ನೀನು ಪಿ.ಟಿ. ಟೀಚರ್ ಮಗಳಲ್ವಾ? ನಿಂತ ಭಂಗೀಲೇ ಗೊತ್ತಾಯ್ತು. ಟೀಚರ್ ಹೇಗಿದಾರೆ?” ಎಂದರು.

“ಇನ್ನೂ ಮಾತು ಸರಿಯಾಗಿ ಬರಲ್ಲ ಮೇಡಂ” ಎಂದೆ.

ಮನೆಗೆ ಬಂದು ಹೇಳಿದರೆ ಅಮ್ಮ, “ಎಷ್ಟು ಸುತ್ತು ಓಡಿದೀಯ ಅಂತ ಅವಳನ್ನ ಕೇಳಬೇಕಿತ್ತು” ಎಂದಳು. ಇಂಥ ಹೊತ್ತಿನಲ್ಲೂ ಅವಳಿಗೆ ಹಳೆಯ ಹಗೆಯೇ.


ಏಪ್ರಿಲ್ ೨೧, ಶುಕ್ರವಾರ

ಹೊಸ ಮೋಟಾರು ಬಂತು. ಬರೆಯಲು ಪುರುಸೊತ್ತಿಲ್ಲ. ಹೇಗೂ ಎಲ್ಲವನ್ನೂ ಅಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ ಸಾಕಾಗಿರುತ್ತದೆ. ಹಕ್ಕಿಯ ಮರಿಗಳು ಹಾರಿದ ಮೇಲೆಯೇ ಗೂಡು ತೆಗೆದರು, ಅದಕ್ಕೆ ಎರಡು ದಿನ ತಡ.


ಮೇ ೧೨, ಶುಕ್ರವಾರ

ಇಳಿಯಿತು! ಕಣ್ಣಾರೆ ನೋಡಿದೆ!

ಪಂಪು ಓಡಲು ಶುರುವಾಗಿ ಒಂದು ವಾರ. ಗಾಳಿ ಮೇಡಂ, ನಕ್ಷೆ, ಸಾಹೇಬರು, ನಾನು, ಮೊಣಕಾಲು ಮಡಚಿಕೊಂಡು ಮೂಲೆಯಲ್ಲಿ ಕೂತ ಮೇಯರ್ ಅಮ್ಮ. ಪೂರ್ವದ ರಸ್ತೆಗೆ ಹೊರಳಿದಾಗ ವ್ಯಾನಿನಲ್ಲಿ ಯಾರೂ ಉಸಿರಾಡಲಿಲ್ಲ. ಬೇಲಿ ಬಂತು. ಗೆರೆ ಮಿಸುಕಿತು, ಸ್ವಲ್ಪ ಎದ್ದಿತು. ಮಾರ್ಚ್ ತಿಂಗಳ ಎತ್ತರದ ಕಾಲು ಭಾಗಕ್ಕೆ ಬಂದು, ಅಲ್ಲೇ ಮಂಡಿಯೂರಿ, ಮತ್ತೆ ಮಲಗಿತು. “ತಿರುಗಿಸಪ್ಪಾ, ಇನ್ನೊಂದ್ಸಲ!” ಮತ್ತೆ ಅಷ್ಟೇ. ಮೂರನೇ ಸಲವೂ ಅಷ್ಟೇ. ಗಾಳಿ ಮೇಡಂ ಎಲ್ಲರಿಗೂ ಪೆಪ್ಪರ್‌ಮಿಂಟು ಹಂಚಿದರು. ಸಾಹೇಬರು ಕಣ್ಣು ಒರೆಸಿಕೊಂಡು, ಎಸಿ ಗಾಳಿ ಎಂದರು. ವ್ಯಾನಿನಲ್ಲಿ ಎಸಿ ಇಲ್ಲ. ಮೇಯರ್ ಅಮ್ಮ ಪರದೆಗೆ ಮೂಗು ತಾಗಿಸಿ, “ಇದು ನಾವು ಮಾಡಿದ್ದಾ?” ಎಂದರು, ಮಗುವಿನ ಹಾಗೆ.

ಸೂತ್ರವಲ್ಲ, ಕಾಗದವಲ್ಲ. ಊರಿನ ಗಾಳಿ ತಾನೇ ಹೇಳಿತು.

ತಕ್ಷಣ ಅಮ್ಮನಿಗೆ ಹೇಳಬೇಕೆಂದು ಮನೆಗೆ ಫೋನ್ ಮಾಡಿದೆ. ಬ್ಯುಸಿ. ಆಫೀಸು ಮುಟ್ಟಿ ಮಾಡಿದೆ. ಬ್ಯುಸಿ. ಬಸ್ಸಿನಿಂದ ಮಾಡಿದೆ, ಆಗಲೂ ಬ್ಯುಸಿ! ಇಂಥ ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಇರುವುದು? ಮೆಟ್ಟಿಲು ಹತ್ತುತ್ತಿದ್ದ ಹಾಗೆ ಅಮ್ಮನ ಧ್ವನಿ ಬೀದಿಗೆ ಕೇಳಿಸುತ್ತಿತ್ತು. ಚಿಕ್ಕಮ್ಮನ ಜೊತೆ ಫೋನಿನಲ್ಲಿ ಕೂತಿದ್ದಾಳೆ, ತಂಗಿ ಸಿಕ್ಕರೆ ಇವಳಿಗೆ ಲೋಕ ಬೇಡ.

“...ಅಲ್ಲ ಕಣೇ, ಪಂಪು. ಪಂಪು! ಮೂರು ವರ್ಷದಿಂದ ಕೆಟ್ಟು ಕೂತಿತ್ತು, ಒಬ್ಬರಾದ್ರೂ... ನೋಡಬೇಕಲ್ಲ. ನನ್ನ ಮಗಳು ಹಿಡಿದಳು. ಹೂಂ, ವ್ಯಾನಲ್ಲಿ ಹೋಗಿ, ಗಾಳಿ ಮೂಸಿ. ಮೇಯರ್ ಬೇಡ ಅಂದ್ರೂ ಬಿಡಲಿಲ್ಲ. ಅಷ್ಟು ಜನರ ಮುಂದೆ ಎದ್ದು ನಿಂತು ಹೇಳಿದ್ಳು, ಇಪ್ಪತ್ತಲ್ಲ, ಹದಿ... ಹದಿನೇಳು ಅಂತ.”

ನಾನು ಬಾಗಿಲಲ್ಲೇ ನಿಂತು, “ಹದಿನೇಳಲ್ಲಮ್ಮ, ಏಳು! ಏಳು!” ಎಂದು ಕೂಗಿದೆ.

“ಸುಮ್ನಿರೇ ಪುಟ್ಟಿ, ನಾನು ಮಾತಾಡ್ತಿದೀನಲ್ಲ” ಎಂದು ಅಮ್ಮ ಆ ಕಡೆ ತಿರುಗಿ ಕೂತಳು.

ನೋಡಿ, ತಪ್ಪು ಅಂಕಿ ಊರಿಗೆ ಹರಡುವುದು ಹೀಗೆ. ನಾಳೆ ನಾನೇ ಚಿಕ್ಕಮ್ಮನಿಗೆ ಫೋನ್ ಮಾಡಿ ಸರಿಪಡಿಸಬೇಕು, ಅಮ್ಮ ಫೋನು ಬಿಟ್ಟರೆ.